ನಾಲ್ಕು ಬೆರಳು ಒಳಗೆ ಬಿಟ್ಟ ದೋಣಿ

ನಮ್ಮಜ್ಜಿ ಕಸ್ತೂರಮ್ಮ ಹೇಳುವ ಕಥೆಗಳಲ್ಲಿ ರಾಜಕುಮಾರ ಯಾವಾಗಲೂ ಏಳು ಸಮುದ್ರ ದಾಟುತ್ತಾನೆ. ಅಜ್ಜಿ ತನ್ನ ಆಯುಷ್ಯದಲ್ಲಿ ಕಂಡ ಸಮುದ್ರವೆಂದರೆ ಸೂಳೆಕೆರೆಯೊಂದೇ. ಹಾಗಾಗಿ ಅವಳ ಏಳೂ ಸಮುದ್ರಗಳಿಗೆ ಒಂದೊಂದು ಏರಿ, ಒಂದೊಂದು ತೂಬು ಇರುತ್ತವೆ. ಮಳೆ ಜಾಸ್ತಿಯಾದ ವರ್ಷ ಸಮುದ್ರ ಕೋಡಿ ಬೀಳುತ್ತದೆ. ದರ್ಜಿ ಗೌಸ್‌ಪೀರ್ ಸಾಬರ ದೋಣಿಗಳ ಕಥೆಯನ್ನೂ ಅವಳೇ ಹೇಳಿದ್ದು. ಅದರಲ್ಲಿ ಬರುತ್ತಿದ್ದ ತಿಮಿಂಗಿಲವೊಂದನ್ನು ನಾನು ತೆಗೆದುಹಾಕಿದ್ದೇನೆ. ಉಳಿದದ್ದೆಲ್ಲ ನಡೆದದ್ದು, ಬೇಕಾದರೆ ಕಚೇರಿಯಲ್ಲಿ ಆರ್ಡರು ಇದೆ.

ಗೌಸ್‌ಪೀರ್ ಸಾಬರು ಹದಿನೆಂಟು ವರ್ಷದಿಂದ ಚನ್ನಗಿರಿ ತಾಲ್ಲೂಕು ಕಚೇರಿಯ ಜಗಲಿಯ ಮೂಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಕೂತಿದ್ದವರು. ಅರ್ಜಿ ಹಿಡಿದು ಬಂದವರು ಒಳಗಿನಿಂದ ಕೂಗು ಬರುವವರೆಗೆ ಸುಮ್ಮನೆ ಕೂರುವುದೇಕೆ ಎಂದು ಅಂಗಿ ಹೊಲಿಯಲು ಕೊಡುತ್ತಿದ್ದರು. ಕೂಗು ಬರುವಷ್ಟರಲ್ಲಿ ಅಂಗಿ ಮುಗಿಯುತ್ತಿತ್ತು. ಕೆಲವರಿಗೆ ಆ ಅಂಗಿ ಹಳೆಯದಾಗಿ, ಮೊಣಕೈ ಹರಿದು, ತೇಪೆಗೆ ಬಂದರೂ ಕೂಗು ಬರುತ್ತಿರಲಿಲ್ಲ. ಹೀಗೆ ಸರ್ಕಾರದ ಕೆಲಸವೂ ಸಾಬರ ಕೆಲಸವೂ ಒಂದಕ್ಕೊಂದು ಆಸರೆಯಾಗಿ ನಡೆದಿದ್ದವು.

ಮೂವತ್ತೆಂಟನೇ ಇಸವಿಯ ದಸರೆ ಕಳೆದ ಮೇಲೆ ಹೊಸ ಅಮಲ್ದಾರರು ಬಂದರು. ಮೊದಲ ದಿನವೇ ಜಗಲಿಯತ್ತ ಬೆತ್ತ ತೋರಿಸಿ, "ಇದೇನು ಕಚೇರಿಯೋ ಸಂತೆಯೋ? ಸೋಮವಾರದೊಳಗೆ ಎಲ್ಲಾ ಖಾಲಿಯಾಗಲಿ" ಎಂದರು. ಎಲ್ಲಾ ಎಂದರೆ ಗೌಸ್‌ಪೀರ್ ಸಾಬರು ಮತ್ತು ಒಂದು ಮಿಷನ್.

ಸಾಬರು ಟೋಪಿ ಸರಿಮಾಡಿಕೊಂಡು ಅಂಗಲಾಚಲು ಒಳಗೆ ಹೋದರು. ಅಮಲ್ದಾರರು ಒಂದು ಇಂಗ್ಲಿಷ್ ಸಚಿತ್ರ ಪತ್ರಿಕೆ ಹರಡಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಪುಟದ ತುಂಬ ಹಾಯಿದೋಣಿಗಳು. ಅವರ ನಿಟ್ಟುಸಿರಿಗೂ ಕಾರಣವಿತ್ತು. ಹಿಂದೆ ಯಾವನೋ ಇಂಗ್ಲಿಷ್ ದೊರೆ ಸೂಳೆಕೆರೆಯಲ್ಲಿ ಆಡಲೆಂದು ನಾಲ್ಕು ಹಾಯಿದೋಣಿ ತರಿಸಿ, ಊರಿಗೆ ಹೋಗುವಾಗ ಏರಿಯ ಪಕ್ಕ ಮಗುಚಿ ಹಾಕಿ ಹೋಗಿದ್ದ. ಅವು ನಾಲ್ಕೂ ನಾಲ್ಕು ಅಳತೆಯವು. ಹೊಸವನ್ನು ತರಿಸುವ ಶಕ್ತಿ ಆಫೀಸರುಗಳ ಕ್ಲಬ್ಬಿಗೆ ಇರಲಿಲ್ಲ. ಅದರ ಹತ್ತಿರ ಇದ್ದದ್ದು ಎರಡು ಜೊತೆ ಇಸ್ಪೀಟು, ಅದರಲ್ಲೂ ಒಂದು ರಾಣಿ ಕಡಿಮೆ.

"ನೋಡಯ್ಯ," ಎಂದರು ಅಮಲ್ದಾರರು, ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಎನ್ನುವಂತೆ, "ಬೇರೆ ಊರಲ್ಲಿ ಹಳೇ ದೋಣಿಗಳನ್ನೇ ಕತ್ತರಿಸಿ, ಕೂಡಿಸಿ, ಎಲ್ಲವನ್ನೂ ಒಂದೇ ಅಳತೆ ಮಾಡ್ತಾರಂತೆ. ಆಮೇಲೆ ಪಂದ್ಯ. ಗೆದ್ದವನು ಕೈಚಳಕದಿಂದ ಗೆಲ್ಲಬೇಕು, ದೋಣಿಯಿಂದ ಅಲ್ಲ. ಎಂಥಾ ನ್ಯಾಯ! ಈ ತಾಲ್ಲೂಕಿನಲ್ಲಿ ಅದನ್ನು ಬಲ್ಲವರು ಯಾರಿದ್ದಾರೆ?"

ಗೌಸ್‌ಪೀರ್ ಸಾಬರ ಬಾಯಿ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವ ಬಾಯಿ. "ಬೊಂಬಾಯಿನಾಗೆ ಇಂಥವಕ್ಕೆ ಹಾಯಿ ಹೊಲಿದ ಕೈ ಹುಜೂರ್ ಇದು" ಎಂದುಬಿಟ್ಟಿತು.

ಅಮಲ್ದಾರರು ಎದ್ದು ನಿಂತರು. ಕಾರ್ತಿಕ ಕಳೆದ ಮೇಲಿನ ಮೊದಲ ಭಾನುವಾರಕ್ಕೆ ನಾಲ್ಕೂ ದೋಣಿ ತಯಾರಾಗಬೇಕು. ಚನ್ನಗಿರಿಗೆ ತಾವು, ಹೊನ್ನಾಳಿ ಮತ್ತು ಜಗಳೂರಿನ ಅಮಲ್ದಾರರು, ನ್ಯಾಮತಿಯ ಶೇಕ್‌ದಾರರು, ಹೀಗೆ ನಾಲ್ಕು ಊರಿನ ಪಂದ್ಯ. ಪಂದ್ಯ ಸುಸೂತ್ರವಾಗಿ ನಡೆದರೆ ಜಗಲಿಯ ಮೂಲೆ ಸಾಬರಿಗೆ ಖಾಯಂ. ಯಾರೊಬ್ಬರು ತಕರಾರು ತೆಗೆದರೂ ಮರುದಿನ ಸೋಮವಾರ ಬೆಳಿಗ್ಗೆ ಮಿಷನ್ ಬೀದಿಗೆ.

ಮನೆಯಲ್ಲಿ ಹೆಂಡತಿ ಹಫೀಜಾ ರೊಟ್ಟಿ ತಟ್ಟುತ್ತ ಎಲ್ಲವನ್ನೂ ಕೇಳಿದಳು.

"ಏನ್ರೀ, ನೀವು ದೋಣಿ ನೋಡಿದ್ದು ಯಾವಾಗ?"

"ಬೊಂಬಾಯಿನಾಗೆ."

"ಬೊಂಬಾಯಿನಾಗೆ ಇದ್ದದ್ದೇ ಹನ್ನೊಂದು ದಿನ. ಅದರಾಗೆ ಒಂಬತ್ತು ದಿನ ಜ್ವರ."

"ಉಳಿದ ಎರಡು ದಿನ ಐತಲ್ಲ."

"ಆ ಎರಡು ದಿನ ಆಸ್ಪತ್ರೆಗೆ ದಿಂಬಿನ ಚೀಲ ಹೊಲಿದೆ ಅಂದಿದ್ರಿ."

"ದಿಂಬಿನ ಚೀಲಕ್ಕೆ ಹತ್ತಿ ತುಂಬ್ತಾರೆ, ಹಾಯಿಗೆ ಗಾಳಿ ತುಂಬ್ತದೆ. ಹೊಲಿಗೆ ಒಂದೇ ಅಲ್ಲೇನೇ?"

ಹಫೀಜಾ ರೊಟ್ಟಿ ತಿರುವಿ ಹಾಕಿದಳು. "ಒಂದೇ ಅಳತೆ ಅಂದ್ರೆ ರಂಜಾನ್ ಬಟ್ಟೆ ಇದ್ದಂಗೆ ಅನ್ರಿ. ಒಂದೇ ಥಾನು ತಂದು ಆರೂ ಮಕ್ಕಳಿಗೆ ಹೊಲೀತೀರಲ್ಲ, ಜಗಳ ಆಡಬಾರ್ದು ಅಂತ."

ಸಾಬರ ಮುಖ ಬೆಳಗಿತು. ಇಷ್ಟೇ ತಾನೇ! ಇದನ್ನು ಅವರು ಇಪ್ಪತ್ತು ವರ್ಷದಿಂದ ಮಾಡುತ್ತಲೇ ಬಂದಿದ್ದರು.

ಮಾರನೆಯ ದಿನ ಗಾಡಿ ಮಾಡುವ ಬಡಗಿ ಜುಂಜಪ್ಪನನ್ನು ಕಟ್ಟಿಕೊಂಡು ಕೆರೆಗೆ ಹೋದರು. ಮಗುಚಿದ ದೋಣಿಗಳ ಕೆಳಗೆ ಏರಿ ಪಕ್ಕದ ಗುಡಿಸಲಿನ ಉಡಚಮ್ಮ ಕೋಳಿ ಸಾಕಿದ್ದಳು.

"ಯಾರ್ರೀ ಅದು, ನನ್ನ ಕೋಳಿಮನಿ ಎತ್ತೋರು?"

"ಸರ್ಕಾರದ ಕೆಲಸ ಕಣಮ್ಮ" ಎಂದರು ಸಾಬರು ಗಂಭೀರವಾಗಿ.

"ಹಂಗಾದ್ರೆ ಕೋಳಿಗಳನ್ನೂ ಸರ್ಕಾರವೇ ಕೂಡಿಹಾಕ್ಲಿ" ಎಂದು ಉಡಚಮ್ಮ ಒಂದು ಹುಂಜವನ್ನು ಸಾಬರ ಕಂಕುಳಿಗೆ ಕೊಟ್ಟಳು. ಅಂದು ಸಂಜೆಯವರೆಗೂ ಅವರು ಅದನ್ನು ಹಿಡಿದುಕೊಂಡೇ ಅಳತೆ ತೆಗೆದರು.

ಅಳತೆ ತೆಗೆದದ್ದು ಟೇಪಿನಿಂದ, ತಮಗೆ ಗೊತ್ತಿದ್ದ ಕ್ರಮದಲ್ಲಿ. "ಬರ್ಕೋ ಜುಂಜಣ್ಣ. ಎದೆ ಎಂಬತ್ತು. ಸೊಂಟ ತೊಂಬತ್ತಾರು. ಕತ್ತು…" ಎಂದು ಸುತ್ತ ನೋಡಿ, "ಕತ್ತು ಬಿಡು" ಎಂದರು.

ಜುಂಜಪ್ಪ ಮಗುಚಿದ ದೋಣಿಯ ಹೊಟ್ಟೆಯ ಮೇಲೆ ಎದ್ದು ನಿಂತ ದಪ್ಪ ಕಬ್ಬಿಣದ ರೆಕ್ಕೆಯನ್ನು ಸುತ್ತಿಗೆಯಿಂದ ಕುಟ್ಟಿ ನೋಡಿದ. "ಇದೇನ್ ಸಾಬ್ರೆ, ಗಾಲಿ ಇಲ್ಲ, ಇರಸು ಇಲ್ಲ, ಇದೊಂದು ಕಬ್ಬಿಣ ಯಾಕೈತೆ?"

"ಅದು ಇದ್ರೆ ದೋಣಿ ಗಾಳಿಗೆ ಮಗುಚಾಕಿಲ್ಲವಂತೆ. ಅಮಲ್ದಾರರು ಪುಸ್ತಕ ನೋಡಿ ಹೇಳವ್ರೆ. ಎಲ್ಲವಕ್ಕೂ ಅದೂ ಒಂದೇ ಸಮ ಇರ್ಬೇಕು."

ಸಾಬರ ಸೂತ್ರ ಸರಳವಾಗಿತ್ತು: ಚಿಕ್ಕದನ್ನು ಹಿಗ್ಗಿಸಲಾಗದು, ದೊಡ್ಡದನ್ನು ಕತ್ತರಿಸಬಹುದು. ಉದ್ದ ಕೋಟನ್ನು ಗಿಡ್ಡ ಮಾಡುವ ಹಾಗೆ ಮೂರು ದೋಣಿಗಳ ನಡು ಕತ್ತರಿಸಿ, ತಲೆಗೆ ಬಾಲ ಸೇರಿಸಿ, ಕತ್ತರಿಸಿದ ಹಲಗೆಯಿಂದಲೇ ತೂತುಗಳಿಗೆ ತೇಪೆ ಹಾಕಿದರು. ಕಮ್ಮಾರ ಕಬ್ಬಿಣದ ರೆಕ್ಕೆಗಳನ್ನು ಒಂದೇ ತೂಕಕ್ಕೆ ತಂದ. ಜುಂಜಪ್ಪ ಮೂರು ಸಲ ಎಣ್ಣೆ ರಾಳ ಬಳಿದ. ಒಂದು ತಿಂಗಳಲ್ಲಿ ನಾಲ್ಕು ದೋಣಿಗಳು ಒಂದೇ ತಾಯಿಯ ಹೊಟ್ಟೆಯಿಂದ ಒಂದೇ ಗಳಿಗೆಯಲ್ಲಿ ಹುಟ್ಟಿದಂತೆ ಸಾಲಾಗಿ ನಿಂತವು. ಊರೇ ಬಂದು ನೋಡಿತು. ಸಾಬರಿಗೆ ಬೊಂಬಾಯಿ ಸಾಬ್ರು ಎಂದು ಹೆಸರಾಯಿತು. ನಮ್ಮಜ್ಜಿ ಬೊಂಬಾಯಿ ಸಮುದ್ರಕ್ಕೆ ತೂಬು ಎಷ್ಟು ಎಂದು ಕೇಳಿದಳು. ಸಾಬರು ಯೋಚಿಸಿ "ನಾಲ್ಕು" ಎಂದರು.

ಹಾಯಿಗೆ ಒಂದೇ ಥಾನಿನ ಒರಟು ಮಾದರಪಾಟು ಬಟ್ಟೆ. ಹೊಲಿಯುವಾಗ ಸಾಬರು ಪ್ರತಿ ಹಾಯಿಯ ತಳದಲ್ಲಿ ಆರು ಮಡಿಕೆ ಹಾಕಿ, ಒಂದೊಂದು ಮಡಿಕೆಯಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಬಿಟ್ಟು, ಮೇಲೆ ಕಚ್ಚಾ ದಾರ ಓಡಿಸಿದರು.

"ಇದ್ಯಾತಕ್ಕೆ?" ಎಂದ ಜುಂಜಪ್ಪ.

"ಬೆಳೆಯೋ ಮಕ್ಕಳ ಬಟ್ಟೆಗೆ ಬಿಡ್ತೀವಲ್ಲ, ಹಂಗೆ."

"ದೋಣಿ ಬೆಳೀತಾವೇನ್ ಸಾಬ್ರೆ?"

ಸಾಬರು ಸ್ವಲ್ಪ ಹೊತ್ತು ದೋಣಿಯನ್ನೇ ನೋಡಿದರು. "ಬೆಳೆಯಾಕಿಲ್ಲ ಬಿಡು. ಬಟ್ಟೆ ನೀರಿಗೆ ಬಿದ್ರೆ ಕುಗ್ತದಲ್ಲ, ಆವಾಗ ಬಿಚ್ಚಾಕೆ ಬೇಕು" ಎಂದರು. ನಿಜ ಹೇಳಬೇಕೆಂದರೆ ಒಳಗೆ ಬಿಡದೆ ಹೊಲಿಯುವುದು ಅವರ ಬೆರಳುಗಳಿಗೆ ಗೊತ್ತೇ ಇರಲಿಲ್ಲ.

ಆ ವಾರವೇ ಅಮಲ್ದಾರರು ಪಂದ್ಯಕ್ಕೆಂದು ಹಿತ್ತಾಳೆ ಗುಂಡಿಯ ಬಿಳಿ ಕೋಟು ಹೊಲಿಸಿಕೊಂಡರು. ಅಳತೆ ಕೊಡುವಾಗ ಉಸಿರು ಒಳಗೆಳೆದು, ಹೊಟ್ಟೆಯನ್ನು ಎಲ್ಲೋ ಬಚ್ಚಿಟ್ಟು, "ಎಷ್ಟು ಬಂತು?" ಎಂದು ಹಲ್ಲಿನ ನಡುವಿನಿಂದ ಕೇಳಿದರು. ಸಾಬರು ಟೇಪು ಹೇಳಿದ್ದನ್ನೇ ಬರೆದುಕೊಂಡರು.

ಎಲ್ಲವೂ ಹೀಗೆ ನೆಟ್ಟಗಿರುವಾಗ ಹೊನ್ನಾಳಿ ಅಮಲ್ದಾರರಿಂದ ಕಾಗದ ಬಂತು. ಹೊಳೆಯ ಊರಿನವರು, ನೀರಿನ ವಿಷಯದಲ್ಲಿ ತಮಗೆ ಗೊತ್ತಿಲ್ಲದ್ದಿಲ್ಲ ಎಂಬ ಬಿಗುಮಾನ. 'ದೋಣಿಗಳೇನೋ ಒಂದೇ ಅಳತೆ ಸರಿ, ಕೂರುವವರ ಭಾರದ ಗತಿ ಏನು?' ಎಂದು ಬರೆದಿದ್ದರು. ನಮ್ಮ ಅಮಲ್ದಾರರು ಸಾಬರನ್ನು ಕರೆಸಿದರು.

"ಬೊಂಬಾಯಿಯಲ್ಲಿ ಇದಕ್ಕೆ ಏನು ಮಾಡ್ತಾರಯ್ಯ?"

"ತೂಗ್ತಾರೆ ಹುಜೂರ್" ಎಂದಿತು ಬಾಯಿ. "ಭಾರ ಇದ್ದೋರು ಎಷ್ಟೋ ಅಷ್ಟಕ್ಕೆ ಬರೋ ಹಂಗೆ ಹಗುರ ಇದ್ದೋರ ದೋಣಿಗೆ ಮರಳಿನ ಚೀಲ ಹಾಕ್ತಾರೆ."

ಎಷ್ಟು ನ್ಯಾಯವಾದ ಮಾತು! ಇದರಿಂದ ಏನಾಗಬಹುದು ಎಂದು ಇಬ್ಬರಿಗೂ ಆಗ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸೂಳೆಕೆರೆಯ ಏರಿಯ ಮೇಲೆ ನಾಲ್ಕೂ ಊರಿನ ಜನ. ನಲ್ಲೂರಿನ ಹುಣಸೆಹಣ್ಣಿನ ವ್ಯಾಪಾರಿ ದಾವೂದ್ ಸಾಬರು ಮಂಡಿಯ ದೊಡ್ಡ ತಕ್ಕಡಿಯನ್ನು ಗಾಡಿಯಲ್ಲಿ ತಂದು ಆಲದ ಕೊಂಬೆಗೆ ತೂಗುಹಾಕಿದರು. ಒಂದು ತಟ್ಟೆಯಲ್ಲಿ ಅಮಲ್ದಾರರು, ಬಿಳಿ ಕೋಟು ತೊಟ್ಟು, ಕಾಲು ಮಡಿಸಿಕೊಂಡು. ಇನ್ನೊಂದರಲ್ಲಿ ಮಣದ ಕಲ್ಲುಗಳು.

ದಾವೂದ್ ಸಾಬರು ನಲವತ್ತು ವರ್ಷ ಹುಣಸೆಹಣ್ಣು ತೂಗಿದವರು. ಒಂದು ಎನ್ನಲು ಅವರ ನಾಲಿಗೆ ಏಳುವುದಿಲ್ಲ. ಮಂಡಿಯಲ್ಲಿ ಎಣಿಕೆ ಶುರುವಾಗುವುದೇ ಲಾಭದಿಂದ. ಅವರು ಕಣ್ಣು ಮುಚ್ಚಿ ರಾಗವೆತ್ತಿದರು.

"ಲಾಭಾ… ಲಾಭಾ… ಎರಡೋ ಎರಡು… ಮೂರೋ ಮೂರು…"

ಏರಿಯ ಮೇಲೆ ಪಿಸುಪಿಸು ಎದ್ದಿತು. ತಕ್ಕಡಿಯಲ್ಲಿ ಮನುಷ್ಯ ಕೂತರೆ ಅದೇನೆಂದು ನಮ್ಮ ಜನಕ್ಕೆ ಗೊತ್ತಿಲ್ಲವೇ? ನಮ್ಮಜ್ಜಿ ಸೆರಗು ಹೊದ್ದು ಮುಂದೆ ಬಂದು, ಅಮಲ್ದಾರರ ಮಡಿಲಿಗೆ ಒಂದು ತೆಂಗಿನಕಾಯಿ, ನಾಲ್ಕು ಸೇವಂತಿಗೆ ಹಾಕಿ ಕೈಮುಗಿದಳು.

"ಏನಮ್ಮ ಇದು?"

"ತುಲಾಭಾರ ಅಲ್ವಾ ಬುದ್ಧಿ? ಯಾವ ದೇವರ ಹರಕೆ?"

"ಕಾಯಿ ತೆಗೀರಿ, ತೂಕ ತಪ್ತದೆ!" ಎಂದು ದಾವೂದ್ ಸಾಬರು ಗದರಿದರು. ಆಮೇಲೆ ಮಂಡಿಯಲ್ಲಿ ಕೂಗುವ ಗಂಟಲಿನಲ್ಲೇ, ಆಚೆ ದಡದ ದನಗಳೂ ತಲೆ ಎತ್ತುವಂತೆ ಸಾರಿದರು: "ಚನ್ನಗಿರಿ ಅಮಲ್ದಾರರೂ… ಎಂಟೂವರೆ ಮಣಾ!"

ಜನ ಚಪ್ಪಾಳೆ ತಟ್ಟಿದರು. ಹೊನ್ನಾಳಿಯವರು ಆರೂವರೆ, ನ್ಯಾಮತಿಯ ಶೇಕ್‌ದಾರರು ಏಳು. ಜಗಳೂರಿನ ಅಮಲ್ದಾರರು ಕೂತಾಗ ತಕ್ಕಡಿ ಅಲ್ಲಾಡಲೇ ಇಲ್ಲ. ಕಲ್ಲು ಇಳಿಸಿ ಇಳಿಸಿ ಕೊನೆಗೆ ನಾಲ್ಕೂವರೆ ಮಣಕ್ಕೆ ನಿಂತಿತು. ಅವರ ದೋಣಿಗೆ ನಾಲ್ಕು ಮಣ ಮರಳು ಬಿತ್ತು.

ಚನ್ನಗಿರಿ ಅಮಲ್ದಾರರು ಕೆಂಪು ಮುಖದಲ್ಲಿ ಸಾಬರ ಕಿವಿಯ ಹತ್ತಿರ ಬಂದರು. "ಗೌಸ್‌ಪೀರ್, ಇನ್ನೊಂದು ಎಡವಟ್ಟಾಗಲಿ, ನಿನ್ನ ಮಿಷನ್ನು ಸೋಮವಾರದವರೆಗೂ ಕಾಯೋದಿಲ್ಲ."

ಹಫೀಜಾ ಹೆಂಗಸರ ಗುಂಪಿನಿಂದ ಗಂಡನ ಮುಖ ನೋಡಿದಳು. ಆ ಮಿಷನ್ ಮನೆಯೊಳಗೆ ಇಟ್ಟರೆ ಆರು ಮಕ್ಕಳು ಹೊರಗೆ ಮಲಗಬೇಕು. ಬೀದಿಯ ಕೊನೆಯ ಮನೆಗೆ ಅಂಗಿ ಹೊಲಿಸಲು ಯಾರು ಬರುತ್ತಾರೆ?

ನಾಲ್ವರೂ ದೋಣಿ ಹತ್ತಿದರು. ಮೂವರು ಒಂದು ವಾರ ಮೀನುಗಾರರ ಹತ್ತಿರ ಅಭ್ಯಾಸ ಮಾಡಿದ್ದರು. ಜಗಳೂರಿನವರ ಕಡೆ ಅಷ್ಟು ನೀರು ಒಂದೇ ಕಡೆ ಕಾಣಸಿಗುವುದಿಲ್ಲವಾಗಿ, ಅವರು ಮನೆಯ ತೂಗುಮಣೆಯಲ್ಲಿ ಕೂತು, ಹೆಂಡತಿಯಿಂದ ತೂಗಿಸಿಕೊಂಡು ಅಭ್ಯಾಸ ಮಾಡಿದ್ದರು. ಕೆರೆಯ ನಡುವೆ ಕೆಂಪು ಬಟ್ಟೆ ಕಟ್ಟಿದ ಒಂದು ಬಿದಿರಿನ ಗಳ ನೆಟ್ಟಿತ್ತು; ಅದನ್ನು ಸುತ್ತಿ ವಾಪಸು ಬರಬೇಕು. ಕಚೇರಿ ಗುಮಾಸ್ತ ಚಿಕ್ಕಹನುಮಂತಪ್ಪ ಪಟಾಕಿ ಹಚ್ಚಿದ. ಪಂದ್ಯ ಶುರುವಾಯಿತು.

ಶುರುವಾಯಿತು ಎಂದರೆ, ಯಾರೂ ಕದಲಲಿಲ್ಲ. ಗಾಳಿಯೇ ಇರಲಿಲ್ಲ. ಕೆರೆ ಕನ್ನಡಿಯಂತೆ ಬಿದ್ದಿತ್ತು. ನಾಲ್ಕು ದೋಣಿ, ಅವುಗಳ ಕೆಳಗೆ ತಲೆಕೆಳಗಾಗಿ ಮತ್ತೆ ನಾಲ್ಕು ದೋಣಿ. ಅರ್ಧ ಗಂಟೆ ಅವು ಹಾಗೇ ನಿಂತಿದ್ದವು. ಜನ ಬುತ್ತಿ ಬಿಚ್ಚಿದರು. ಒಂದು ಬೆಳ್ಳಕ್ಕಿ ಬಂದು ಒಂದು ಹಾಯಿಕಂಬದ ಮೇಲೆ ಕೂತಿತು, ಬೇಜಾರಾಗಿ ಹಾರಿಹೋಯಿತು.

ಆಮೇಲೆ ಗುಡ್ಡದ ಕಡೆಯಿಂದ ಗಾಳಿ ಬಂತು. ಹಾಯಿಗಳು ಉಬ್ಬಿ, ಮುಖಗಳನ್ನು ಮರೆಮಾಡಿದವು. ನಾಲ್ಕೂ ಬುಳಬುಳನೆ ಹೊರಟು ಬಿದಿರಿನ ಗಳವನ್ನು ಸುತ್ತಿಕೊಂಡವು. ತಿರುಗಿದ ಮೇಲೆ ಯಾವುದು ಯಾರದ್ದೆಂದು ದೇವರಿಗೂ ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಒಂದರ ಹಾಯಿ ಜನ ನೋಡುತ್ತಿದ್ದಂತೆಯೇ ಬೆಳೆಯತೊಡಗಿತು. ಟಿಕ್, ಟಿಕ್ ಎಂದು ದಾರ ಕಿತ್ತು ಒಂದು ಮಡಿಕೆ, ಇನ್ನೊಂದು, ಮತ್ತೊಂದು, ಹೀಗೆ ಆರೂ. ಹಾಯಿ ಒಂದು ಮೊಳ ದೊಡ್ಡದಾಯಿತು. ದೋಣಿ ಬಾಣದಂತೆ ಮುಂದೆ ನುಗ್ಗಿತು.

"ನಮ್ಮದು! ಚನ್ನಗಿರಿ!" ಎಂದು ಒಂದು ಗುಂಪು ಕುಣಿಯಿತು.

"ಯಾವನಂದ? ಹೊನ್ನಾಳಿ ಕಣ್ರೋ ಅದು!"

"ನ್ಯಾಮತಿ! ಶೇಕ್‌ದಾರರ ರುಮಾಲು ಕಾಣ್ತೈತೆ ನೋಡ್ರಿ!"

"ನನ್ನ ಕೋಳಿಮನಿ!" ಎಂದು ಉಡಚಮ್ಮ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದಳು.

ಗೌಸ್‌ಪೀರ್ ಸಾಬರೊಬ್ಬರೇ ಕೂಗಲಿಲ್ಲ. ತಮ್ಮ ನಾಲ್ಕು ಬೆರಳು ಬಿಚ್ಚಿಕೊಳ್ಳುವುದನ್ನು ಲೆಕ್ಕ ಹಿಡಿಯುತ್ತ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ದೋಣಿ ದಡದ ಕೆಸರಿಗೆ ಬಂದು ನಾಟಿತು. ಒಳಗೆ ಜಗಳೂರಿನ ಅಮಲ್ದಾರರು. ಎರಡೂ ಕೈಯಲ್ಲಿ ಹಾಯಿಯ ಅಂಚನ್ನು ಎದೆಗವಚಿ ಹಿಡಿದಿದ್ದರು. ಅವರು ಹೆದರಿ ಎಳೆದ ಎಳೆತಕ್ಕೇ ಮಡಿಕೆಗಳು ಕಿತ್ತುಕೊಂಡಿದ್ದು. ಕಣ್ಣು ಬಿಗಿಯಾಗಿ ಮುಚ್ಚಿತ್ತು. "ಮುಗೀತೇನ್ರಿ? ಕಣ್ಣು ಬಿಡಬಹುದಾ?" ಎಂದರು.

ಎರಡನೆಯವರಾಗಿ ಬಂದ ಹೊನ್ನಾಳಿ ಅಮಲ್ದಾರರು ಮೊಣಕಾಲುದ್ದದ ನೀರಿಗೇ ಧುಮುಕಿದರು. "ಮೋಸ! ಒಂದೇ ಅಳತೆ ಅಂದಿರಿ. ಇವರ ಹಾಯಿ ನಮ್ಮದಕ್ಕಿಂತ ಒಂದು ಮೊಳ ಉದ್ದ ಇದೆಯಲ್ಲ ಸ್ವಾಮಿ! ಯಾರು ಹೊಲಿದದ್ದು ಇದನ್ನು?"

ತಕರಾರು ಬಂದೇಬಿಟ್ಟಿತು. ಎಲ್ಲರೂ ಸಾಬರ ಕಡೆ ತಿರುಗಿದರು. ಮೂರನೆಯವರಾಗಿ ಬಂದಿಳಿದ ಚನ್ನಗಿರಿ ಅಮಲ್ದಾರರು ಏರಿ ಹತ್ತಿ ನಿಂತು, ತೀರ್ಪು ಕೊಡಲು ಎದೆ ತುಂಬ ಉಸಿರೆಳೆದುಕೊಂಡರು. ಅದೇ ಅವರು ಬೆಳಿಗ್ಗೆಯಿಂದ ಎಳೆದ ಮೊದಲ ಪೂರ್ತಿ ಉಸಿರು. ಬೆನ್ನ ಮೇಲೆ ಕೋಟು ಟಿಕ್, ಟಿಕ್, ಟಿಕ್, ಪರ್‍ರ್ ಎಂದಿತು.

ನಾಲ್ಕು ಊರಿನ ಜನ ಉಸಿರು ಬಿಗಿಹಿಡಿದರು. ಸಾಬರಿಗೆ ಮಾತ್ರ ಜಗಲಿ, ಸೋಮವಾರ, ಮಿಷನ್ ಎಲ್ಲ ಮರೆತುಹೋಯಿತು. ಅವರ ಕಣ್ಣಿಗೆ ಕಂಡದ್ದು ಬಿಚ್ಚಿದ ಹೊಲಿಗೆಯೊಂದೇ. ಟೋಪಿಗೆ ಸಿಕ್ಕಿಸಿದ್ದ ಸೂಜಿದಾರ ತೆಗೆದು ಓಡಿದರು.

"ಬಟ್ಟೆ ಹರಿದಿಲ್ಲ ಹುಜೂರ್, ಮಡಿಕೆ ಬಿಚ್ಚಿಕೊಂಡೈತೆ. ಕೈ ಎರಡೂ ಚಾಚ್ರಿ. ಅಲ್ಲಾಡಬೇಡ್ರಿ, ಸೂಜಿ ಚುಚ್ತದೆ."

ಅಮಲ್ದಾರರು ಹಾಯಿಕಂಬದ ಹಾಗೆ ಕೈ ಚಾಚಿ ನಿಂತರು.

"ನಾನು ಕೊಟ್ಟ ಅಳತೆಗೆ ತಾನೇ ಹೊಲಿದದ್ದು?" ಎಂದರು, ತಿರುಗಿ ನೋಡಲಾಗದೆ ಕೆರೆಗೇ ಹೇಳುವಂತೆ.

"ಕೊಟ್ಟ ಅಳತೆಗೇ ಹುಜೂರ್. ಒಳಗೆ ಆರು ಬೆರಳು ಬಿಟ್ಟಿದ್ದೆ."

"ಎಲ್ಲರಿಗೂ ಆರು ಬಿಡ್ತೀಯಾ?"

"ಇಲ್ಲ ಹುಜೂರ್. ರೈತರಿಗೆ ನಾಲ್ಕು. ಕಚೇರಿಯೋರಿಗೆ ಆರು."

ಹೊನ್ನಾಳಿ ಅಮಲ್ದಾರರು ಗಟ್ಟಿಯಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, ಮೆಲ್ಲಗೆ ತಮ್ಮ ಕೋಟಿನ ಬೆನ್ನು ಮುಟ್ಟಿ ನೋಡಿಕೊಂಡರು.

"ದೋಣಿಗೆ?" ಎಂದರು ಚನ್ನಗಿರಿ ಅಮಲ್ದಾರರು.

"ನಾಲ್ಕಕ್ಕೂ ಆರಾರು ಮಡಿಕೆ, ನಾಲ್ಕು ನಾಲ್ಕು ಬೆರಳು. ಒಂದಕ್ಕೆ ಹೆಚ್ಚಿಲ್ಲ, ಒಂದಕ್ಕೆ ಕಮ್ಮಿ ಇಲ್ಲ. ಬೇಕಾದ್ರೆ ಬಿಚ್ಚಿ ಅಳೀರಿ."

"ಬೊಂಬಾಯಿಯಲ್ಲೂ ಹೀಗೇ ಬಿಡ್ತಾರೇನು?"

ಹೊಲಿಯುವಾಗ ಸಾಬರಿಗೆ ಸುಳ್ಳು ಹೇಳಲು ಬರುವುದಿಲ್ಲ; ಗಮನವೆಲ್ಲ ಬೆರಳಲ್ಲಿರುತ್ತದೆ. "ಗೊತ್ತಿಲ್ಲ ಹುಜೂರ್. ಅಲ್ಲಿ ನಾನು ಹೊಲಿದದ್ದು ಆಸ್ಪತ್ರೆಯ ದಿಂಬಿನ ಚೀಲ."

ಹಫೀಜಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಹಾಗಾದರೆ ಆ ತೂಗೋದು?"

"ಬಾಯಿಗೆ ಬಂತು ಹುಜೂರ್."

"ಅಂದರೆ ನಾಲ್ಕು ಊರಿನ ಎದುರಿಗೆ ನನ್ನ ಎಂಟೂವರೆ ಮಣ…"

"ಹೌದು ಹುಜೂರ್."

ಅಮಲ್ದಾರರು ಕೈ ಚಾಚಿಕೊಂಡೇ ನಿಂತಿದ್ದರು. ಕೋಟು ಈಗ ಮೈಗೆ ಹಿತವಾಗಿ ಕೂತಿತ್ತು. ಅವರು ಸುಮ್ಮನೆ ಒಂದು ಉಸಿರು ಎಳೆದು ನೋಡಿದರು. ಸಲೀಸಾಗಿ ಬಂತು. ಇನ್ನೊಂದು ಎಳೆದರು.

"ಹೊಲಿ, ಹೊಲಿ" ಎಂದರು. "ಚಿಕ್ಕಹನುಮಂತಪ್ಪ, ಬರೆದುಕೋ. ನಾಲ್ಕೂ ಹಾಯಿ ಬಿಚ್ಚಿ ಅಳೆಯತಕ್ಕದ್ದು. ಸಮ ಬಂದರೆ ದೋಣಿಗಳು ಒಂದೇ ಅಳತೆಯವೇ. ಒಳಗಿದ್ದದ್ದನ್ನು ಬಿಚ್ಚಿಕೊಂಡದ್ದು ಜಗಳೂರಿನವರ ಕೈಚಳಕ. ಗೆದ್ದವರು ಅವರೇ."

ಅಳೆದರು. ಸಮ ಬಂತು, ಕೂದಲೆಳೆಯ ವ್ಯತ್ಯಾಸವಿಲ್ಲದೆ. ಹೊನ್ನಾಳಿಯವರು ತಾವೇ ಎರಡು ಸಲ ಅಳೆದು ತಕರಾರು ವಾಪಸು ತೆಗೆದುಕೊಂಡರು, ಮುಂದಿನ ವರ್ಷ ತಮ್ಮ ಹಾಯಿಯ ದಾರ ಸ್ವಲ್ಪ ಸಡಿಲವಾಗಿರಲಿ ಎಂದು ಸಾಬರ ಕಿವಿಯಲ್ಲಿ ಹೇಳಿದರು. ಜಗಳೂರಿನ ಅಮಲ್ದಾರರನ್ನು ಅವರ ಊರಿನ ಜನ ಹೆಗಲ ಮೇಲೆ ಹೊತ್ತರು, ಭಾರವೇನೂ ದೊಡ್ಡದಿರಲಿಲ್ಲ.

ಸೋಮವಾರ ಆರ್ಡರಾಯಿತು. 'ದರ್ಜಿ ಗೌಸ್‌ಪೀರ್ ಎಂಬುವರಿಗೆ ಕಚೇರಿ ಜಗಲಿಯ ಮೂಲೆಯಲ್ಲಿ ಮೂರು ಮೊಳ ಅಗಲದ ಜಾಗ ಖಾಯಂ ಮಾಡಿದೆ. ಸದರಿಯವರು ಇನ್ನು ಮುಂದೆ ಬೊಂಬಾಯಿಯ ಮಾತು ಆಡಕೂಡದು.' ಎರಡನೆಯ ಶರತ್ತನ್ನು ಸಾಬರು ಇವತ್ತಿಗೂ ಪಾಲಿಸುತ್ತಾರೆ.

ಮೊದಲನೆಯದರ ವಿಷಯ ಹೇಳುತ್ತೇನೆ. ಆ ಅಮಲ್ದಾರರಿಗೆ ವರ್ಗವಾಗಿ, ಮತ್ತಿಬ್ಬರು ಬಂದು ಹೋಗಿ, ದೋಣಿಗಳ ಕೆಳಗೆ ಉಡಚಮ್ಮನ ಕೋಳಿಗಳು ತಿರುಗಿ ಸಂಸಾರ ಹೂಡಿವೆ. ಮೊನ್ನೆ ನಾನು ರವಿಕೆ ಹೊಲಿಯಲು ಕೊಡಲು ಹೋಗಿದ್ದೆ. ಸಾಬರು ಬೀಡಿಗೆ ಎದ್ದುಹೋದಾಗ, ಅಲ್ಲೇ ಬಿದ್ದಿದ್ದ ಟೇಪು ತೆಗೆದು ಗೋಡೆಯಿಂದ ಮಿಷನ್ನಿನ ಆಚೆಯ ಕಾಲಿನವರೆಗೆ ಅಳೆದೆ.

ಮೂರು ಮೊಳ. ಅದರ ಮೇಲೆ ನಾಲ್ಕು ಬೆರಳು.